ಮೆಣಸಿನಕಾಯಿ ಪಟ್ಟಿ ಕೈಗೆ ಬಂದಾಗ: ಹಣವನ್ನು ನೆಮ್ಮದಿಯಾಗಿಸುವ ಕ್ರಮ

ಬ್ಯಾಡಗಿ ಪೇಟೆಯಲ್ಲಿ ಟೆಂಡರ್ ಮುಗಿದು, ತೂಕವಾಗಿ, ದಲಾಲಿ ಅಂಗಡಿಯಿಂದ ಪಡೆದಿದ್ದ ಮುಂಗಡ ಮುರಿದುಕೊಂಡ ಮೇಲೆ ಪಟ್ಟಿಯಲ್ಲಿ (ಮಾರಾಟದ ಲೆಕ್ಕದ ಚೀಟಿಯಲ್ಲಿ) ಉಳಿದ ಹಣ ಕೈಗೆ ಬಂದಾಗ, ಅದನ್ನು ಯಾವ ಕ್ರಮದಲ್ಲಿ ಬಳಸಿದರೆ ಮನೆಯ ನೆಮ್ಮದಿ ಹೆಚ್ಚುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದುಡ್ಡಿನಿಂದ ಸುಖವಿಲ್ಲ ಎಂಬ ಮಾತನ್ನು ಮೊದಲು ಬದಿಗಿಡಿ. ಸಾಲವಿಲ್ಲದವರಿಗಷ್ಟೇ ಅದು ಒಪ್ಪುತ್ತದೆ. ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯ ದಾಟಿದ ಅಮೆರಿಕನ್ನರಲ್ಲಿ ದಿನನಿತ್ಯದ ಸಂತೋಷ ಮತ್ತೆ ಹೆಚ್ಚುವುದಿಲ್ಲ ಎಂದು ಸಂಶೋಧಕರಾದ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಹೇಳಿದ್ದರು. ಆದರೆ 2023ರಲ್ಲಿ ಕಾನೆಮನ್ ಅವರೇ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಬಾರ್ಬರಾ ಮೆಲರ್ಸ್ ಜೊತೆಗೂಡಿ, ಹೆಚ್ಚಿನವರಲ್ಲಿ ಸಂತೋಷ ಆದಾಯದೊಂದಿಗೆ ಏರುತ್ತಲೇ ಹೋಗುತ್ತದೆ, ತೀರ ದುಃಖದಲ್ಲಿರುವವರಲ್ಲಿ ಮಾತ್ರ ಒಂದು ಹಂತದಲ್ಲಿ ನಿಲ್ಲುತ್ತದೆ ಎಂದು ತಿದ್ದಿದರು. ಆ ಡಾಲರ್ ಲೆಕ್ಕ ನಮ್ಮ ಹಳ್ಳಿಗೆ ಹೊಂದುವಂಥದ್ದಲ್ಲ.

ಮೊದಲು ಸಾಲ. ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಗಡುವು ಯಾವಾಗ, ಏನು ಅಡವಿದೆ ಎಂದು ಬರೆಯಿರಿ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ತಂದ ಕೈಗಡ ಒಂದು ಲಕ್ಷವಿದ್ದರೆ ವರ್ಷಕ್ಕೆ 36,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ಸಹಕಾರಿ ಸಂಘದ ಬಡ್ಡಿರಹಿತ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ಆ ಸೌಲಭ್ಯ ತಪ್ಪುತ್ತದೆಯಾದ್ದರಿಂದ, ಅದಕ್ಕೆ ಬೇಕಾದಷ್ಟನ್ನು ಎತ್ತಿಟ್ಟು, ಮಿಕ್ಕ ಹಣದಲ್ಲಿ ದುಬಾರಿ ಬಡ್ಡಿಯ ಸಾಲದಿಂದ ತೀರಿಸುತ್ತ ಬನ್ನಿ. ಮನೆಗೆ ಬಂದು ಜೋರು ಮಾಡುವವರ ಸಾಲವನ್ನೇ ಮೊದಲು ತೀರಿಸುವ ರೂಢಿಯಿದೆ. ಮರ್ಯಾದೆಯ ದೃಷ್ಟಿಯಿಂದ ಅದು ಸರಿಯೆನಿಸಿದರೂ ಲೆಕ್ಕದಲ್ಲಿ ನಷ್ಟ. ಹೊಸ ಬಂಗಾರ ಕೊಳ್ಳುವ ಮುನ್ನ ಅಡವಿಟ್ಟದ್ದನ್ನು ಬಿಡಿಸಿಕೊಳ್ಳಿ.

ಮುಂದಿನ ಹಂಗಾಮಿನ ಬೀಜ, ಗೊಬ್ಬರ ಮತ್ತು ಆಸ್ಪತ್ರೆಯ ಖರ್ಚಿಗೆ ಬೇರೆ ಖಾತೆಯಲ್ಲಿ ಹಣವಿಡಿ.

ಆಮೇಲೆ ಮನೆಯ ದುಡಿತ ತಗ್ಗಿಸುವ ಕೆಲಸಕ್ಕೆ ಖರ್ಚು ಮಾಡಿ. ಹಿತ್ತಲಿನ ತೊಟ್ಟಿಯಿಂದ ಅಡುಗೆಮನೆಗೆ ಪೈಪ್ ಎಳೆಸಿ ನಲ್ಲಿ ಹಾಕಿಸಿದರೆ, ಕೊಡ ಹೊರುವ ಹೆಣ್ಣುಮಕ್ಕಳಿಗೆ ಅದರ ಉಪಯೋಗ ದಿನಾಲೂ ಆಗುತ್ತದೆ. ಹೊಸ ಬೈಕಿನ ಖುಷಿಯಾದರೋ ಕೆಲವು ತಿಂಗಳಲ್ಲಿ ರೂಢಿಯಾಗಿ ಮಾಸುತ್ತದೆ, ಕಂತು ಮಾತ್ರ ಉಳಿಯುತ್ತದೆ. ಮದುವೆಯ ಖರ್ಚು ಕೊನೆಗೆ ಬರಲಿ, ಅದಕ್ಕಾಗಿ ಮತ್ತೆ ಕೈಗಡ ತರುವಂತಾದರೆ ಊಟದ ಪಂಕ್ತಿಯನ್ನು ಚಿಕ್ಕದು ಮಾಡಿ.

ಇದನ್ನೆಲ್ಲ ಚೀಲ ಪೇಟೆಗೆ ಹೋಗುವ ಮೊದಲೇ, ಮನೆಯ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ನಿರ್ಧರಿಸಿ. ಹಣ ಬಂದ ಸಂಜೆ ಯಾರಿಗೂ ಕೈಗಡ ಕೊಡುವ ಮಾತು ಕೊಡಬೇಡಿ.