ಮಚ್ಚು ಮೊಂಡಾಯ್ತಾ? ಚರ್ಮದ ಮೇಲೆ ಎಳೆಯಿರಿ

ತಿಪಟೂರು, ತುರುವೇಕೆರೆ ಕಡೆ ತೋಟ ಇರುವ ಮನೆಯಲ್ಲಿ ಮಚ್ಚು ಇದ್ದೇ ಇರುತ್ತದೆ. ನಿಮ್ಮ ಮಚ್ಚಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎರಡೂ ಪಕ್ಕ ಚಪ್ಪಟೆಯಾಗಿ ಇಳಿಯದೆ, ಸ್ವಲ್ಪ ಉಬ್ಬಿಕೊಂಡು ಬಂದು ಸೇರಿದ್ದರೆ ಅದು ಉಬ್ಬು ಅಂಚು. ಅಂಚಿನ ಹಿಂದೆಯೇ ದಪ್ಪ ಉಕ್ಕು ಇರುವುದರಿಂದ ದಿನವೂ ಎಳನೀರು ಕೊಚ್ಚಿದರೂ ಬೇಗ ಮುಕ್ಕಾಗುವುದಿಲ್ಲ.

ಇಂಥ ಮಚ್ಚನ್ನು ಸ್ವಲ್ಪ ಮೊಂಡಾಯ್ತು ಅಂತ ಸುಮ್ನೆ ಸಾಣೆ ಚಕ್ರಕ್ಕೆ ಕೊಡಬೇಡಿ. ಚಕ್ರ ಆ ಉಬ್ಬನ್ನೇ ಸವೆಸಿಬಿಡುತ್ತದೆ. ಬಿಸಿ ಜಾಸ್ತಿಯಾಗಿ ಅಂಚು ನೀಲಿಗೆ ತಿರುಗಿದರಂತೂ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಬೇಕಾದದ್ದು ಒಂದು ಹಳೆಯ ಅಪ್ಪಟ ಚರ್ಮದ ಬೆಲ್ಟು. ರೆಕ್ಸಿನ್ ಆಗುವುದಿಲ್ಲ. ಒಂದಡಿ ಕತ್ತರಿಸಿ, ಒರಟು ಮೈ ಮೇಲೆ ಬರುವ ಹಾಗೆ ನಯವಾದ ಹಲಗೆಗೆ ಫೆವಿಕಾಲ್‌ನಿಂದ ಅಂಟಿಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಲೋಹಕ್ಕೆ ಪಾಲಿಶ್ ಮಾಡುವವರು ಬಳಸುವ ಹಸಿರು ಸೋಪು ಸಿಕ್ಕರೆ ತೆಳ್ಳಗೆ ಉಜ್ಜಿ. ಅದರಲ್ಲಿರುವ ಕ್ರೋಮಿಯಂ ಆಕ್ಸೈಡ್‌ನ ನುಣ್ಣನೆ ಪುಡಿಯೇ ಅಂಚನ್ನು ಮಸೆಯುವುದು. ದಪ್ಪ ಮೆತ್ತಿದರೆ ಉಂಡೆಗಟ್ಟುತ್ತದೆ, ಅಷ್ಟೇ.

ಈಗ ಎಳೆಯುವುದು. ಮಚ್ಚಿನ ಬೆನ್ನು ಮುಂದೆ, ಅಂಚು ಹಿಂದೆ, ಯಾವಾಗಲೂ ಹೀಗೇ. ಉಲ್ಟಾ ತಳ್ಳಿದರೆ ಚರ್ಮ ಸೀಳುತ್ತದೆ. ಮಚ್ಚನ್ನು ಮೊದಲು ಪೂರ್ತಿ ಮಲಗಿಸಿ, ಆಮೇಲೆ ಬೆನ್ನನ್ನು ಚೂರು ಚೂರೇ ಎತ್ತುತ್ತಾ ಹೋಗಿ, ಅಂಚು ಚರ್ಮಕ್ಕೆ ತಾಗಿತು ಅಂತ ಕೈಗೆ ಗೊತ್ತಾದ ಕಡೆ ನಿಲ್ಲಿಸಿ. ಅನುಮಾನ ಇದ್ದರೆ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ಎರಡು ಸಲ ಎಳೆದು ನೋಡಿ. ಬಣ್ಣ ಅಂಚಿನ ತುತ್ತತುದಿಯಲ್ಲಿ ಉಳಿದಿದ್ದರೆ ಇನ್ನೂ ಸ್ವಲ್ಪ ಎತ್ತಬೇಕು. ತುದಿಯಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿ ಎತ್ತಿದ್ದೀರಿ.

ಒತ್ತಬೇಡಿ, ಮಚ್ಚಿನ ಭಾರವೇ ಸಾಕು. ಚರ್ಮ ಮೆತ್ತಗಿರುವುದರಿಂದ ಸ್ವಲ್ಪ ಒಳಗೆ ಕುಸಿದು ಉಬ್ಬಿನ ಮೈಗೇ ಹೊಂದಿಕೊಳ್ಳುತ್ತದೆ, ಗಟ್ಟಿ ಕಲ್ಲಿಗಿಂತ ಇದು ಮೇಲು ಅನ್ನುವುದು ಅದಕ್ಕೇ. ಆದರೆ ಬಲ ಹಾಕಿ ಒತ್ತಿದರೆ ಅದೇ ಚರ್ಮ ಅಂಚಿನ ಹಿಂದೆ ಎದ್ದು ತುದಿಯನ್ನು ದುಂಡಗೆ ಮಾಡುತ್ತದೆ. ಚರ್ಮದ ಪಟ್ಟಿಯ ಕೊನೆಯಲ್ಲಿ ಮಣಿಕಟ್ಟು ತಿರುಗಿಸಿ ಎತ್ತುವ ಅಭ್ಯಾಸ ಬಹಳ ಜನಕ್ಕೆ ಇರುತ್ತದೆ, ಹರಿತ ಕೆಡುವುದೇ ಅಲ್ಲಿ. ಮೊದಲು ನಿಲ್ಲಿಸಿ, ಆಮೇಲೆ ನೇರ ಮೇಲಕ್ಕೆತ್ತಿ, ಪಕ್ಕ ಬದಲಿಸಿ. ಪಕ್ಕಕ್ಕೆ ಹತ್ತು ಹದಿನೈದು ಸಲ ಸಾಕು.

ಟೊಮೆಟೊ ಸಿಪ್ಪೆಯ ಮೇಲೆ ಒತ್ತದೆ ಎಳೆದು ನೋಡಿ. ಜಾರಿದರೆ ಇನ್ನೊಂದು ಸುತ್ತು ಹಾಕಿ. ಮುಕ್ಕಾಗಿದ್ದರೆ ಅಥವಾ ಪೂರ್ತಿ ಮೊಂಡಾಗಿದ್ದರೆ ಬರೀ ಚರ್ಮದಿಂದ ಆಗುವುದಿಲ್ಲ. ರಬ್ಬರ್ ಶೀಟಿನ ಮೇಲೆ 400, 800, 1500 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಒಂದು ಮುಗಿದ ಮೇಲೆ ಇನ್ನೊಂದು ಇಟ್ಟು ಇದೇ ರೀತಿ ಎಳೆದು, ಕೊನೆಗೆ ಚರ್ಮಕ್ಕೆ ಬನ್ನಿ. ಕೆಲಸ ಮುಗಿದ ಮೇಲೆ ಮಚ್ಚು ಒರೆಸಿ ಒಂದು ತೊಟ್ಟು ಎಣ್ಣೆ ಸವರಿ, ಪಟ್ಟಿಗೆ ಮಾತ್ರ ಮಣ್ಣು ಧೂಳು ತಾಗದ ಹಾಗೆ ಬಟ್ಟೆ ಸುತ್ತಿಡಿ. ಒಂದು ಮರಳು ಕಾಳು ಕೂತರೂ ಅಂಚಿಗೆ ಗೀರು ಬೀಳುತ್ತದೆ.