ಹೊಲದಲ್ಲಿ ಸೀಸದ ಗುಂಡು ಸಿಕ್ಕಿತಾ? ಮೊದಲು ತೂಗಿ

ಇಂಗ್ಲೆಂಡಿನ ಉತ್ತ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಗೆ ನಾಣ್ಯಕ್ಕಿಂತ ಮೊದಲು ಸಿಗುವುದು ಇಂಥದ್ದೇ, ಮಣ್ಣು ಮೆತ್ತಿದ, ಗಾತ್ರಕ್ಕಿಂತ ಜಾಸ್ತಿ ಭಾರ ಅನ್ನಿಸುವ ಒಂದು ಗುಂಡು. ಕೂಡಲೇ ಪ್ಯಾಂಟಿಗೆ ಉಜ್ಜಬೇಡಿ! ಹಳೇ ಸೀಸದ ಮೇಲೆ ಬೂದು-ಬಿಳಿ ಪದರ ಕಟ್ಟಿರುತ್ತದೆ. ಅದು ಹೋದರೆ ಗುರುತೂ ಹೋಯಿತು. ನೀರಲ್ಲಿ ಮೆಲ್ಲಗೆ ತೊಳೆದು ಒಣಗಲು ಬಿಡಿ, ಆಮೇಲೆ ಕೈ ತೊಳೆಯಿರಿ, ಸೀಸ ವಿಷ.

ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಕಬ್ಬಿಣ, ಬಹುಶಃ ಯಾವುದೋ ಯಂತ್ರದ ಬೇರಿಂಗ್ ಗುಂಡು. ನಡುವೆ ತೂತಿದ್ದರೆ ಮೀನು ಹಿಡಿಯುವವರ ಗಾಳದ ತೂಕ ಇರಬಹುದು.

ಈಗ ತಕ್ಕಡಿ. ಅಡುಗೆಮನೆಯದು ಸಾಲದು, 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಎಲ್ಲರೂ ಮೊದಲು ಅಡ್ಡಳತೆ ತೆಗೆಯುತ್ತಾರೆ, ನಾನು ತೂಕವನ್ನೇ ನಂಬುತ್ತೇನೆ, ಯಾಕೆಂದರೆ ಕಲ್ಲಿಗೋ ಮೂಳೆಗೋ ಬಡಿದು ದೋಸೆಯ ಹಾಗೆ ಚಪ್ಪಟೆಯಾದ ಗುಂಡಿನ ಅಡ್ಡಳತೆ ತೆಗೆದು ಏನು ಮಾಡ್ತೀರಿ? ಚೂರು ಕಿತ್ತುಹೋಗಿಲ್ಲದಿದ್ದರೆ ತೂಕ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಳೇ ಕೋವಿಗಳ ಕಾಲದವರೂ ಒಂದು ಪೌಂಡ್ ಸೀಸಕ್ಕೆ ಎಷ್ಟು ಗುಂಡು ಅಂತಲೇ ಲೆಕ್ಕ ಹಾಕುತ್ತಿದ್ದರು. ಒಂದು ಪೌಂಡ್ ಅಂದರೆ 454 ಗ್ರಾಂ, ನೀವೂ ಅದನ್ನು ನಿಮ್ಮ ಗುಂಡಿನ ಗ್ರಾಂ ತೂಕದಿಂದ ಭಾಗಿಸಿ. ಸುಮಾರು 14 ಬಂದರೆ, ಅಂದರೆ ತೂಕ 32 ಗ್ರಾಂ ಆಸುಪಾಸು ಇದ್ದರೆ, ಬ್ರಿಟಿಷ್ ಸೈನಿಕರ ಬ್ರೌನ್ ಬೆಸ್ ಕೋವಿಯ ಗುಂಡು ಇರಬಹುದು. ದುಂಡಗೇ ಉಳಿದಿದ್ದರೆ ಅಡ್ಡಳತೆ 17.5 ಮಿ.ಮೀ. ಹತ್ತಿರ ಬರುತ್ತದೆ. (1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಂಪನಿ ಸೈನ್ಯದ ಕೈಯಲ್ಲಿದ್ದದ್ದೂ ಇದೇ ಜಾತಿಯ ಕೋವಿ.) 12 ಬಂದರೆ, ಸುಮಾರು 38 ಗ್ರಾಂ, 1642ರಲ್ಲಿ ಶುರುವಾದ ಇಂಗ್ಲೆಂಡಿನ ಅಂತರ್ಯುದ್ಧದ ಮಸ್ಕೆಟ್ (ಉದ್ದ ಕೋವಿ) ಗುಂಡು ಆಗಿರುವ ಸಾಧ್ಯತೆ ಹೆಚ್ಚು. ಇನ್ನೂ ಹಗುರವಾದದ್ದು ಪಿಸ್ತೂಲಿನದೋ ಕುದುರೆ ಸವಾರರ ಗಿಡ್ಡ ಕೋವಿಯದೋ ಇದ್ದೀತು. ಆದರೆ 11 ಗ್ರಾಂ ಇದ್ದು ಮೈಮೇಲೆ ಅಲ್ಲಲ್ಲಿ ಒತ್ತಿದ ಹಾಗೆ ಸಪಾಟು ಗುರುತುಗಳಿದ್ದರೆ ಕೋವಿಯದು ಅಂತ ಮೋಸ ಹೋಗಬೇಡಿ, ಅದು ಫಿರಂಗಿ ಶೆಲ್ಲಿನೊಳಗೆ ತುಂಬುತ್ತಿದ್ದ ಶ್ರಾಪ್ನೆಲ್ ಆಗಿರಬಹುದು.

ಇನ್ನು ಭೂತಗನ್ನಡಿ ತಗೊಳ್ಳಿ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಸಣ್ಣ ಏಣು, ಸೀಸ ಹೊಯ್ದ ಬಾಯಿಯ ಬಳಿ ಕತ್ತರಿಸಿದ ಗುರುತು, ಇವೆರಡೂ ಸ್ಪಷ್ಟವಾಗಿದ್ದು ಬೇರೆ ಏಟು ಇಲ್ಲದಿದ್ದರೆ ಬಹುಶಃ ಹಾರಿಸದೇ ಕೈಜಾರಿ ಬಿದ್ದದ್ದು. ನಡುವಿಗೆ ಪಟ್ಟಿ ಸುತ್ತಿದ ಹಾಗೆ ಸವೆದಿದ್ದರೆ ನಳಿಕೆಯಿಂದ ಹಾರಿದ್ದು. ಹಲ್ಲಿನ ಗುರುತು ಕಂಡರೆ ಗಾಯಾಳು ನೋವಿಗೆ ಕಚ್ಚಿದ್ದು ಅಂತ ಕತೆ ಕಟ್ಟಬೇಡಿ, ಹೊಲದಲ್ಲಿ ಹಂದಿಗಳೂ ಜಗಿಯುತ್ತವೆ.

ಸಿಕ್ಕ ಜಾಗವನ್ನು ಫೋನಿನ ಜಿಪಿಎಸ್‌ನಲ್ಲಿ ಅಲ್ಲೇ ಬರೆದಿಡಿ. ಆ ಅಂತರ್ಯುದ್ಧದ ರಣರಂಗವಾಗಿದ್ದ ನೇಸ್ಬಿಯಂಥ ಕಡೆ ಸೈನ್ಯ ಎಲ್ಲಿ ನಿಂತಿತ್ತು, ಎತ್ತ ಓಡಿತು ಅಂತ ತಿಳಿಯಲು ಗುಂಡುಗಳು ಚೆದುರಿದ ರೀತಿಯೇ ನೆರವಾಯಿತು. ಜಮೀನಿನ ಒಡೆಯರ ಒಪ್ಪಿಗೆ ಇಲ್ಲದೆ ಇಳಿಯಲೇಬೇಡಿ. ಭಾರತಕ್ಕೆ, ಊರಿಗೆ ಬಂದಾಗ ಕೋಟೆಗಳ ಹತ್ತಿರ ಡಿಟೆಕ್ಟರ್ ತೆಗೆಯುವ ಆಸೆ ಬಿಡಿ, ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಅಪರಾಧ.