ವರ್ಷಕ್ಕೆ ಶೇ. 5 ಏರುವ ಅಂಗಡಿ ಬಾಡಿಗೆ: ಹತ್ತು ವರ್ಷದ ಒಟ್ಟು ಲೆಕ್ಕ ಹಾಕುವುದು ಹೇಗೆ?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ, ಕೊಪ್ಪಿಕರ್ ರಸ್ತೆಯಲ್ಲಾಗಲಿ ಅಂಗಡಿ ಹಿಡಿಯುವಾಗ ತಿಂಗಳ ಬಾಡಿಗೆ, ಡಿಪಾಸಿಟ್ ಎರಡಕ್ಕೂ ಚೌಕಾಸಿ ನಡೆಯುತ್ತದೆ. ಕರಾರುಪತ್ರದಲ್ಲಿರುವ ‘ಪ್ರತಿ ವರ್ಷ ಶೇ. 5 ಏರಿಕೆ’ ಎಂಬ ಸಾಲನ್ನು ಮಾತ್ರ ಯಾರೂ ಕೂಡಿಸಿ ನೋಡುವುದಿಲ್ಲ. ಸಹಿ ಹಾಕುವ ಮೊದಲು ಕೂಡಿಸಲೇಬೇಕು.

ತಿಂಗಳ ಬಾಡಿಗೆ 12,000 ರೂಪಾಯಿ, ಕರಾರು ಹತ್ತು ವರ್ಷದ್ದು ಎಂದಿಟ್ಟುಕೊಳ್ಳಿ. ಮೊದಲ ವರ್ಷಕ್ಕೆ 1,44,000, ಎರಡನೆಯದಕ್ಕೆ 1,51,200, ಮೂರನೆಯದಕ್ಕೆ 1,58,760. ಹೀಗೆ ಹತ್ತೂ ಸಾಲು ಬರೆದು ಕೂಡಿಸಬಹುದು, ಆದರೆ ಬೇಕಾಗಿಲ್ಲ. ಹನ್ನೊಂದನೇ ವರ್ಷ ಇದ್ದಿದ್ದರೆ ಎಷ್ಟಾಗುತ್ತಿತ್ತೋ ಅದರಲ್ಲಿ ಮೊದಲ ವರ್ಷದ ಮೊತ್ತ ಕಳೆಯಿರಿ, ಉಳಿದದ್ದನ್ನು 0.05ರಿಂದ ಭಾಗಿಸಿ. ಅದೇ ಹತ್ತು ವರ್ಷದ ಒಟ್ಟು.

ಇದು ಯಾಕೆ ಸರಿ? ಇಡೀ ಪಟ್ಟಿಯನ್ನು 1.05ರಿಂದ ಗುಣಿಸಿದರೆ ಪ್ರತಿ ಸಾಲೂ ಒಂದು ವರ್ಷ ಮುಂದಕ್ಕೆ ಜರುಗುತ್ತದೆ. ಅದರಲ್ಲಿ ಮೂಲ ಪಟ್ಟಿ ಕಳೆದರೆ ಎರಡರಿಂದ ಹತ್ತನೇ ವರ್ಷದವರೆಗಿನದೆಲ್ಲ ಹೊಡೆದುಹೋಗಿ ತುದಿಯ ಎರಡು ಅಂಕಿ ಮಾತ್ರ ಉಳಿಯುತ್ತವೆ. ಉಳಿದದ್ದು ಒಟ್ಟು ಮೊತ್ತದ ಶೇ. 5. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಇಂಥ ಮೊತ್ತಗಳ ಸೂತ್ರ ಕೊಟ್ಟಿದ್ದಾನೆ.

ಸಾದಾ ಕ್ಯಾಲ್ಕುಲೇಟರಿನಲ್ಲಿ 1.05 ಒತ್ತಿ, × ಒತ್ತಿ, ನಂತರ = ಒತ್ತಿ. 1.1025 ಬರಬೇಕು. ಬರದಿದ್ದರೆ × ಎರಡು ಸಲ ಒತ್ತಿ ನೋಡಿ, ಕೆಲವು ಕ್ಯಾಸಿಯೋಗಳಿಗೆ ಹಾಗೆ ಬೇಕು. = ಒಟ್ಟು ಒಂಬತ್ತು ಸಲ ಆದಾಗ 1.628894ರ ಆಸುಪಾಸು ಬರುತ್ತದೆ. ಅದನ್ನು 1,44,000ದಿಂದ ಗುಣಿಸಿದರೆ ಹನ್ನೊಂದನೇ ವರ್ಷದ್ದು, 2,34,561, ಮೊದಲ ವರ್ಷದ್ದು ಕಳೆದರೆ 90,561. ಪೈಸೆ ಬಿಡದೆ 0.05ರಿಂದ ಭಾಗಿಸಿದರೆ 18,11,217 ರೂಪಾಯಿ.

ನಡುವೆ ಅಂಕಿ ಕತ್ತರಿಸಬೇಡಿ. 1.628894ನ್ನು 1.63 ಮಾಡಿದರೆ ಉತ್ತರ 18,14,400 ಆಗುತ್ತದೆ. ಕೊನೆಗೆ 0.05ರಿಂದ ಭಾಗಿಸುವುದರಿಂದ ಸಣ್ಣ ತಪ್ಪೂ ಇಪ್ಪತ್ತು ಪಟ್ಟು ಹಿಗ್ಗುತ್ತದೆ. ಎಕ್ಸೆಲ್‌ನಲ್ಲಿ ಎಫ್‌ವಿ (FV, ಅಂದರೆ ಭವಿಷ್ಯದ ಮೌಲ್ಯ) ಫಂಕ್ಷನ್ ಇದೇ ಉತ್ತರ ಕೊಡುತ್ತದೆ: ದರ 5%, ಅವಧಿ 10, ಮೊತ್ತ -144000. ಕೊನೆಯ ಖಾನೆಯಲ್ಲಿ 1 ಹಾಕಿದರೆ ಒಂದು ಏರಿಕೆ ಹೆಚ್ಚಿಗೆ ಸೇರಿ 19,01,777 ತೋರಿಸುತ್ತದೆ. ಬಾಡಿಗೆಗೆ ಆ ಖಾನೆ ಖಾಲಿ ಬಿಡಿ.

ಮಾಲೀಕರು ‘ವರ್ಷಕ್ಕೆ ಶೇ. 5 ಅಥವಾ ಮೂರು ವರ್ಷಕ್ಕೊಮ್ಮೆ ಶೇ. 15, ಎರಡೂ ಒಂದೇ’ ಎಂದರೆ ಒಪ್ಪಬೇಡಿ. ಒಂಬತ್ತು ವರ್ಷಕ್ಕೆ ಹೋಲಿಸಿ ನೋಡಿ. ಮೂರು ವರ್ಷದ್ದು ಒಂದು ಕಂತು, 4,32,000. ಮೂರು ಕಂತು, ದರ 0.15. ಅದೇ ಲೆಕ್ಕ ಹಾಕಿದರೆ 15,00,120. ವರ್ಷಕ್ಕೆ ಶೇ. 5 ಆದರೆ 15,87,825. ವ್ಯತ್ಯಾಸ 87,705, ಅಂದರೆ ಮೊದಲ ವರ್ಷದ ಏಳು ತಿಂಗಳ ಬಾಡಿಗೆಗಿಂತ ಜಾಸ್ತಿ. ಚಕ್ರಬಡ್ಡಿಯ ಪಾಲು ಇಲ್ಲಿ ಸಣ್ಣದು. ಏರಿಕೆ ಬೇಗ ಶುರುವಾಗುವುದೇ ದೊಡ್ಡ ಕಾರಣ. ಬಾಡಿಗೆದಾರರು ಹಟ ಹಿಡಿಯಬೇಕಾದ್ದು ಈ ಜಾಗದಲ್ಲಿ.

ಏರಿಕೆ ಯಾವುದರ ಮೇಲೆ ಎಂಬುದನ್ನೂ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. ‘ಹಿಂದಿನ ವರ್ಷದ ಬಾಡಿಗೆಯ ಮೇಲೆ’ ಎಂದಿದ್ದರೆ ಮೇಲಿನ 18,11,217. ‘ಮೂಲ ಬಾಡಿಗೆಯ ಮೇಲೆ’ ಎಂದಿದ್ದರೆ ವರ್ಷಕ್ಕೆ 7,200 ಮಾತ್ರ ಕೂಡುತ್ತ ಹೋಗಿ ಒಟ್ಟು 17,64,000. ಈ ಸೂತ್ರ ಅಲ್ಲಿಗೆ ಹೊಂದುವುದಿಲ್ಲ.